ಹಂಗೇರಿ ಆದ ಮೇಲೆ ಐರ್ಲೆಂಡ್: ಬೀದರಿನ ಹೂದಾನಿಗೆ ಡಾಲರ್ ಬರುವ ದಾರಿ

ಹಂಗೇರಿ ಆದ ಮೇಲೆ ಐರ್ಲೆಂಡ್ ಬಂತು. ಗೆಳೆಯ ಮೊಬೈಲನ್ನು ಕಣ್ಣಿನ ಹತ್ತಿರ ತಂದು, ಆನ್‌ಲೈನ್ ಮಾರಾಟದ ತಾಣವೊಂದರಲ್ಲಿ ಮಾರುವವರು ತಮ್ಮ ದೇಶ ಆರಿಸಬೇಕಾದ ಪಟ್ಟಿಯನ್ನು ಮತ್ತೊಮ್ಮೆ ಮೇಲಕ್ಕೆ ಕೆಳಕ್ಕೆ ಎಳೆದ. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಅವೆರಡರ ನಡುವೆ ಇಂಡಿಯಾ ಇರಬೇಕಿತ್ತು. ಇರಲಿಲ್ಲ. "ನಮ್ ದೇಶಾನೇ ಬರವಲ್ದಲ್ಲೋ ಮಾರಾಯಾ" ಎಂದ.

ಇದು 2025ರ ಸೆಪ್ಟೆಂಬರ್ ಮಾತು. ಬೀದರಿನ ಚೌಬಾರಾ ಹತ್ತಿರದ ಓಣಿಯಲ್ಲಿ ಅವನ ಬಿದ್ರಿ ಕಾರ್ಖಾನೆ. ಕಾರ್ಖಾನೆ ಅಂದರೆ ಹತ್ತಡಿ ಅಗಲದ ಕೋಣೆ, ಅಷ್ಟೇ. ನೆಲದ ಮೇಲೆ ಗೋಣಿಚೀಲ, ಎದುರಿಗೆ ಮರದ ಕೊರಡು, ಅದರ ಮೇಲೆ ಅರ್ಧ ಕೆತ್ತಿದ ಹೂದಾನಿ. ಅಮೆರಿಕದ ಡಲ್ಲಾಸ್‌ನಲ್ಲಿರುವ ಧಾರವಾಡ ಕಡೆಯ ಹೆಣ್ಣುಮಗಳೊಬ್ಬರು ಇನ್‌ಸ್ಟಾಗ್ರಾಂನಲ್ಲಿ ಅಂಥದ್ದೇ ಇನ್ನೊಂದು ಹೂದಾನಿಯ ಫೋಟೋ ನೋಡಿ 180 ಡಾಲರ್ ಕೊಡ್ತೀನಿ ಅಂದಿದ್ದರು. ಕೊಡಲು ಅವರು ತಯಾರು, ತಗೊಳ್ಳಲು ಇವನು ತಯಾರು. ನಡುವೆ ಈ ಪಟ್ಟಿ.

ಕಲಬುರಗಿಯಲ್ಲಿ ಕೂತು ಹೊರದೇಶದವರಿಗೆ ಕನ್ನಡ ಸಬ್‌ಟೈಟಲ್, ಅನುವಾದ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಡಾಲರ್ ತರಿಸಿಕೊಳ್ಳುವ ವಿದ್ಯೆ ಗೊತ್ತಿದೆ ಅಂತ ಗೆಳೆಯ ನನ್ನನ್ನು ಕರೆಸಿದ್ದ. ಗೊತ್ತಿರುವುದು ವಿದ್ಯೆಯಲ್ಲ, ಬರೀ ಏಟುಗಳು.

ಮೊದಲಿಗೆ ಒಂದು ಮಾತು. ಆ ತಾಣಕ್ಕೆ ಭಾರತದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅದೊಂದು ಸಣ್ಣ ಕಂಪನಿ, ಕುಶಲಕರ್ಮಿಗಳಿಗೆ ಆನ್‌ಲೈನ್ ಅಂಗಡಿ ಹಾಕಿಕೊಡುತ್ತದೆ. ಅಂಗಡಿ ಅವರದು, ಗಲ್ಲಾಪೆಟ್ಟಿಗೆ ಮಾತ್ರ ಬೇರೆಯವರದು. ಕಾರ್ಡ್ ಉಜ್ಜಿ ಹಣ ಹಿಡಿಯುವ ಕೆಲಸವನ್ನು ಇಂಥ ತಾಣಗಳು ಸ್ಟ್ರೈಪ್ ಅಥವಾ ಪೇಪಾಲ್‌ನಂಥ ದೊಡ್ಡ ಕಂಪನಿಗಳಿಗೆ ಒಪ್ಪಿಸಿರುತ್ತವೆ. ಗಲ್ಲಾಪೆಟ್ಟಿಗೆಯವನು ಯಾವ ದೇಶದ ಮಾರಾಟಗಾರರನ್ನು ಒಪ್ಪುತ್ತಾನೋ, ಅಂಗಡಿಯ ಪಟ್ಟಿಯಲ್ಲೂ ಅವೇ ದೇಶ. ಸ್ಟ್ರೈಪ್ ಖಾತೆ ತೆರೆಯಬಹುದಾದ ದೇಶಗಳು ಐವತ್ತನ್ನೂ ದಾಟುವುದಿಲ್ಲ. ಭಾರತ ಅದರಲ್ಲಿದೆ, ಆದರೆ 2024ರ ಮೇ ತಿಂಗಳಿಂದ ಇಲ್ಲಿ ಆಹ್ವಾನ ಬಂದವರಿಗೆ ಮಾತ್ರ ಹೊಸ ಖಾತೆ. ಹೀಗೆ ಒಂದು ಕಂಪನಿಯ ತೀರ್ಮಾನ ಅದನ್ನು ನೆಚ್ಚಿಕೊಂಡ ಸಾವಿರಾರು ಸಣ್ಣ ತಾಣಗಳ ತೀರ್ಮಾನವಾಗಿಬಿಡುತ್ತದೆ. ಆ ತಾಣದ ಮಾಲೀಕರಿಗೆ ಬೀದರ್ ಎಲ್ಲಿದೆ ಅನ್ನುವುದೂ ಗೊತ್ತಿರಲಿಕ್ಕಿಲ್ಲ. ಬೇಡ ಅಂದವರೂ ಅವರಲ್ಲ.

ಹಾಗಾದರೆ ಗಲ್ಲಾಪೆಟ್ಟಿಗೆಯವರು ಯಾಕೆ ದೇಶ ನೋಡುತ್ತಾರೆ? ಇದನ್ನು ತಿಳಿಯಲು ಕಲಬುರಗಿಯ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಒಮ್ಮೆ ಹೋಗಿಬರಬೇಕು. ತೊಗರಿ ಸುಗ್ಗಿಯಲ್ಲಿ ಅಡತ್ತಿ (ದಲ್ಲಾಳಿ) ಅಂಗಡಿಗೆ ಹೊಸಬ ರೈತ ಬಂದು ಮುಂಗಡ ಕೇಳಿದರೆ ಸಾಹುಕಾರರು ಹೆಸರು ಕೇಳುವುದಿಲ್ಲ. "ಯಾವೂರು?" ಅನ್ನುತ್ತಾರೆ. ಊರು ಗೊತ್ತಾದರೆ ಅಲ್ಲಿ ಯಾರ ಪರಿಚಯ ಇದೆ, ಹಣ ಬಾಕಿ ಉಳಿದರೆ ಯಾರ ಕೈಯಲ್ಲಿ ಹೇಳಿ ಕಳಿಸಬೇಕು, ಹೋಗಿ ವಸೂಲಿ ಮಾಡಲು ಎಷ್ಟು ಖರ್ಚು, ಎಲ್ಲಾ ಲೆಕ್ಕ ಒಂದು ಗಳಿಗೆಯಲ್ಲಿ ಆಗುತ್ತದೆ. ಗೊತ್ತಿಲ್ಲದ ಊರಾದರೆ "ಮುಂದಿನ ವಾರ ಬಾ" ಅನ್ನುವುದು. ರೈತ ಪ್ರಾಮಾಣಿಕನೋ ಅಲ್ಲವೋ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ. ತಿಳಿದುಕೊಳ್ಳುವ ಖರ್ಚು ಜಾಸ್ತಿ, ಅಷ್ಟೇ.

ಕಾರ್ಡ್ ವ್ಯಾಪಾರದಲ್ಲಿ ಈ ಉದ್ರಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಇದೆ. ಡಲ್ಲಾಸ್‌ನ ಗಿರಾಕಿ ಕಾರ್ಡಿನಲ್ಲಿ 180 ಡಾಲರ್ ಕೊಟ್ಟರು ಅಂದುಕೊಳ್ಳಿ. ಒಂದೆರಡು ತಿಂಗಳ ಮೇಲೆ ಅವರು ಬ್ಯಾಂಕಿಗೆ ಫೋನ್ ಮಾಡಿ "ಸಾಮಾನು ಬರಲೇ ಇಲ್ಲ" ಅನ್ನಬಹುದು. ಬ್ಯಾಂಕು ಹಣವನ್ನು ವಾಪಸ್ ಎಳೆದುಕೊಳ್ಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಆಗ ಮೊದಲು ಕೈ ಸುಡುವುದು ನಡುವಿನ ಕಂಪನಿಗೆ. ಅದು ಮಾರಿದವನಿಂದ ವಸೂಲಿ ಮಾಡಬೇಕು. ಮಾರಿದವನು ಅಮೆರಿಕದ ಒಹಾಯೊದಲ್ಲಿದ್ದರೆ ಸರಿ. ಬೀದರಿನಲ್ಲಿದ್ದರೆ? 180 ಡಾಲರಿಗೆ ಇಲ್ಲಿನ ಕೋರ್ಟಿಗೆ ಯಾರು ಬರುತ್ತಾರೆ? ಇದರ ಮೇಲೆ ಪ್ರತಿ ದೇಶದಲ್ಲೂ ಬೇರೆ ಲೈಸೆನ್ಸ್, ಬೇರೆ ಬ್ಯಾಂಕಿನ ಜೊತೆ ಒಪ್ಪಂದ, ಬೇರೆ ಗುರುತಿನ ಚೀಟಿ ಓದಲು ಬರುವ ಜನ ಬೇಕು. ದೇಶದಲ್ಲಿ ವ್ಯಾಪಾರ ಸಣ್ಣದಾದರೆ ಆ ಖರ್ಚು ಹುಟ್ಟುವುದಿಲ್ಲ. ಪಟ್ಟಿಯಿಂದ ಆ ದೇಶದ ಹೆಸರು ತೆಗೆದರೆ ಕೆಲಸ ಮುಗೀತು.

ಇದು ಲೆಕ್ಕದ ಮಾತಾಯಿತು. ಇನ್ನು ಕೆಲವು ದೇಶಗಳಿಗೆ ಬೀಗ ಹಾಕಿರುವುದು ಕಾನೂನೇ. ಇರಾನ್, ಕ್ಯೂಬಾ, ಉತ್ತರ ಕೊರಿಯಾದ ಮೇಲೆ ಅಮೆರಿಕದ ನಿರ್ಬಂಧ ಇದೆ. ಅಲ್ಲಿಯವರ ಹಣ ಮುಟ್ಟಿದರೆ ಕಂಪನಿಗೆ ದಂಡ. 2015ರಲ್ಲಿ ಇಂಥ ವ್ಯವಹಾರಗಳನ್ನು ಸರಿಯಾಗಿ ಸೋಸಲಿಲ್ಲ ಅನ್ನುವ ಪ್ರಕರಣದಲ್ಲಿ ಪೇಪಾಲ್ ಅಮೆರಿಕ ಸರ್ಕಾರಕ್ಕೆ ಸುಮಾರು 77 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಅಂಥದ್ದೊಂದು ಆದ ಮೇಲೆ ಯಾವ ಕಂಪನಿಯಾದರೂ ಬೇಕಾದ್ದಕ್ಕಿಂತ ನಾಲ್ಕು ಹೆಜ್ಜೆ ಹಿಂದೆಯೇ ನಿಲ್ಲುತ್ತದೆ. 2019ರ ಜುಲೈನಲ್ಲಿ, ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಅಮೆರಿಕದ ತಾಣ ಗಿಟ್‌ಹಬ್ ಇರಾನ್, ಸಿರಿಯಾ, ಕ್ರಿಮಿಯಾದ ಪ್ರೋಗ್ರಾಮರ್‌ಗಳ ಖಾತೆಗಳಿಗೆ ಕಡಿವಾಣ ಹಾಕಿತು. ಇರಾನಿನವರಿಗೆ ಮತ್ತೆ ಪೂರ್ತಿ ಬಿಡಲು ಅಮೆರಿಕದಿಂದ ಪರವಾನಗಿ ಪಡೆದದ್ದು 2021ರ ಜನವರಿಯಲ್ಲಿ. ಕೋಡ್ ಬರೆಯುವ ಹುಡುಗನಿಗೂ ಅಲ್ಲಿನ ಸರ್ಕಾರಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ.

ರಷ್ಯಾದ ಮಾತು ಬಂದರೆ ಬೀದರಿನವರಿಗೆ ಒಂದು ಹಳೆಯ ಕಥೆ ನೆನಪಾಗಬೇಕು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ಸಮುದ್ರ ದಾಟಿ ಬಂದ. ಜುನ್ನರ್‌ನಲ್ಲಿ ಅಲ್ಲಿನ ಖಾನ ಆ ಕುದುರೆಯನ್ನು ಕಿತ್ತುಕೊಂಡ. ನಮ್ಮ ಮತಕ್ಕೆ ಬಂದರೆ ಕುದುರೆ ವಾಪಸ್, ಇಲ್ಲದಿದ್ದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಚಿನ್ನದ ನಾಣ್ಯ ದಂಡ ಅಂದ. ನಾಲ್ಕು ದಿನ ಗಡುವು ಕೊಟ್ಟ. ಖುರಾಸಾನದವನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಆಮೇಲೆ ಆ ಕುದುರೆ ಮಾರಾಟವಾದದ್ದು ಇದೇ ಬೀದರಿನಲ್ಲಿ, ಮಹಮೂದ್ ಗವಾನ್ ವಜೀರನಾಗಿದ್ದ ಕಾಲದಲ್ಲಿ. ಗವಾನ್ ಸ್ವತಃ ಇರಾನಿನ ಗಿಲಾನ್‌ನಿಂದ ಬಂದ ವರ್ತಕ. ಖಾತೆ ಫ್ರೀಜ್ ಮಾಡುವುದು, ದಾಖಲೆ ಕೊಡಲು ಗಡುವು, ಒಳಗಿನವರ ಮಾತಿನಿಂದ ಬಿಡಿಸಿಕೊಳ್ಳುವುದು, ಎಲ್ಲಾ ಆಗಲೂ ಇತ್ತು ನೋಡಿ. ಆದರೆ ಆಗ ಖಾನನ ಮುಖ ನೋಡಿ ಮಾತಾಡಬಹುದಿತ್ತು. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಮೂರೂ ರಷ್ಯಾದಿಂದ ಕೈ ತೆಗೆದವು. ಇವತ್ತು ನಿಕಿತಿನ್ ಊರಿನವರೊಬ್ಬರು ಬೀದರಿನ ಹೂದಾನಿ ಬೇಕು ಅಂದರೆ ಅಲ್ಲಿನ ಬ್ಯಾಂಕು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ದೇಶದ ಹೊರಗೆ ನಡೆಯುವುದಿಲ್ಲ.

ನಾವು ಇರಾನೂ ಅಲ್ಲ, ರಷ್ಯಾನೂ ಅಲ್ಲ. ಪಾಕಿಸ್ತಾನದ ಸ್ಥಿತಿಯೂ ನಮ್ಮದಲ್ಲ. ಅಲ್ಲಿ ಹೊರದೇಶಕ್ಕೆ ಫ್ರೀಲಾನ್ಸ್ ಕೆಲಸ ಮಾಡುವವರು ಬಹಳ ಜನ, ಆದರೂ ಪೇಪಾಲ್ ಖಾತೆ ತೆರೆಯಲು ಬರುವುದಿಲ್ಲ. 2018ರಿಂದ 2022ರವರೆಗೆ ಆ ದೇಶ ಹಣದ ಅಕ್ರಮ ಸಾಗಣೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯ ಬೂದು ಪಟ್ಟಿಯಲ್ಲೂ, ಅಂದರೆ ಕಣ್ಣಿಟ್ಟಿರಬೇಕಾದ ದೇಶಗಳ ಪಟ್ಟಿಯಲ್ಲೂ, ಇತ್ತು. ನಮ್ಮನ್ನು ಅವರ ಹಾಗೆ ಹೊರಗೆ ನಿಲ್ಲಿಸಿಲ್ಲ. ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿದ್ದಾರೆ. ನಡುಮನೆಗೆ ಬಿಟ್ಟಿಲ್ಲ. ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲಿಕ್ಕಿಲ್ಲ: ಆ ನಡುಮನೆಯ ಬಾಗಿಲಿನ ಅರ್ಧ ಚಿಲಕ ಹಾಕಿದವರು ನಾವೇ.

ಪೇಪಾಲ್ ಕಥೆಯನ್ನೇ ತಗೊಳ್ಳಿ. 2010ರ ಆರಂಭದಲ್ಲಿ ಭಾರತಕ್ಕೆ ಬರುವ, ಭಾರತದಿಂದ ಹೋಗುವ ವೈಯಕ್ತಿಕ ಪಾವತಿಗಳನ್ನು ಪೇಪಾಲ್ ಒಮ್ಮೆಗೇ ನಿಲ್ಲಿಸಿತು. ರಿಸರ್ವ್ ಬ್ಯಾಂಕಿನ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿ ಬಂದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು: ಇಂಥ ಆನ್‌ಲೈನ್ ದಾರಿಯಲ್ಲಿ ರಫ್ತಿನ ಹಣ ಒಂದು ಸಲಕ್ಕೆ 500 ಡಾಲರ್ ಮಾತ್ರ ಬರಬಹುದು. 2011ರಲ್ಲಿ ಅದು 3,000 ಆಯಿತು, 2013ರಲ್ಲಿ 10,000. 2023ರ ಅಕ್ಟೋಬರ್ 31ರಂದು ಹೊಸ ಚೌಕಟ್ಟು ಬಂತು. ಗಡಿ ದಾಟಿ ಹಣ ತರುವ ಕಂಪನಿಗಳನ್ನು ನೇರವಾಗಿ ರಿಸರ್ವ್ ಬ್ಯಾಂಕಿನ ಕೈಕೆಳಗೆ ತಂದು, ಒಂದು ವಸ್ತುವಿಗೆ 25 ಲಕ್ಷ ರೂಪಾಯಿವರೆಗೂ ಬಿಟ್ಟರು. ಅಂದರೆ 500 ಡಾಲರ್ ಕಿಂಡಿ 25 ಲಕ್ಷ ರೂಪಾಯಿ ಬಾಗಿಲಾಗಲು 13 ವರ್ಷ ಹಿಡಿಯಿತು. ಈ ನಡುವೆ ದೇಶದೊಳಗಿನ ವ್ಯಾಪಾರವನ್ನು ಪೇಪಾಲ್ 2021ರ ಏಪ್ರಿಲ್ 1ರಿಂದ ಕೈಬಿಟ್ಟಿತು. ಯುಪಿಐ ಎದುರು ಅದಕ್ಕೆ ಇಲ್ಲಿ ಕೆಲಸವಿರಲಿಲ್ಲ.

ಇನ್ನೊಂದು ವಿಷಯ ಜನಕ್ಕೆ ಗೊತ್ತಾಗುವುದೇ ಖಾತೆ ತೆರೆದ ಮೇಲೆ. ಬೇರೆ ಎಷ್ಟೋ ದೇಶಗಳಲ್ಲಿ ಪೇಪಾಲ್‌ಗೆ ಬಂದ ಹಣವನ್ನು ಅಲ್ಲೇ ಇಟ್ಟುಕೊಂಡು ಅದರಿಂದಲೇ ಏನಾದರೂ ಕೊಳ್ಳಬಹುದು. ನಮ್ಮಲ್ಲಿ ಆಗುವುದಿಲ್ಲ. ಬಂದದ್ದು ರೂಪಾಯಿಯಾಗಿ ನೇರ ಬ್ಯಾಂಕಿಗೆ ಹೋಗಬೇಕು. ಹಣ ಯಾತಕ್ಕೆ ಬಂತು ಅಂತ ಒಂದು ಪರ್ಪಸ್ ಕೋಡ್ ಆರಿಸಬೇಕು. ತಪ್ಪು ಕೋಡ್ ಆರಿಸಿದರೆ ಆಮೇಲೆ ಬ್ಯಾಂಕಿನ ಕಿಟಕಿಯಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕು.

ಇದೆಲ್ಲಾ ಯಾಕೆ ಹೀಗೆ ಅಂದರೆ, ಡಾಲರ್ ಅನ್ನುವುದು ನಮಗೆ ಬಹಳ ಕಾಲ ರೇಷನ್ ಅಕ್ಕಿಯ ಹಾಗೆ ಇತ್ತು. 1991ರಲ್ಲಿ ದೇಶ ಚಿನ್ನ ಅಡವಿಟ್ಟದ್ದು ನಮ್ಮ ಅಪ್ಪಂದಿರ ತಲೆಮಾರಿಗೆ ಚೆನ್ನಾಗಿ ನೆನಪಿದೆ. 1973ರ ಫೆರಾ ಕಾಯ್ದೆಯಲ್ಲಿ ವಿದೇಶಿ ಹಣದ ತಪ್ಪು ಅಂದರೆ ಅಪರಾಧ. ಅದನ್ನು ತೆಗೆದು 1999ರಲ್ಲಿ ಫೆಮಾ ತಂದರು, ಮಾತು ಮೆತ್ತಗಾಯಿತು. ಆದರೆ ಹೊರಗೆ ಹೋದ ಪ್ರತಿ ಸರಕಿಗೂ ಹಣ ಬಂತಾ ಅಂತ ಒಂದೊಂದಾಗಿ ತಾಳೆ ನೋಡುವ ಅಭ್ಯಾಸ ಹೋಗಲಿಲ್ಲ. ಕಂಟೇನರ್ ಲೆಕ್ಕದಲ್ಲಿ ಕಳಿಸುವವರಿಗೆ ಅದು ಸರಿ. ಅವರ ಹತ್ತಿರ ಗುಮಾಸ್ತರಿದ್ದಾರೆ. ಒಂದು ಹೂದಾನಿಗೂ ಅದೇ ಕಾಗದ ಅಂದರೆ ಹೇಗೆ? 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ 10 ಲಕ್ಷ ರೂಪಾಯಿವರೆಗಿನ ಬಿಲ್‌ಗಳಿಗೆ ರಫ್ತುದಾರನ ಹೇಳಿಕೆಯೇ ಸಾಕು, ಅದರ ಮೇಲೆ ಲೆಕ್ಕ ಮುಗಿಸಿ ಅಂತ ಬ್ಯಾಂಕುಗಳಿಗೆ ಹೇಳಿತು. ಒಳ್ಳೆಯದಾಯಿತು. ತಡವಾಯಿತು ಅನ್ನುವುದನ್ನು ಬಿಟ್ಟರೆ ದೂರೇನಿಲ್ಲ.

ನಿಯಮಗಳೆಲ್ಲಾ ದಡ್ಡತನ ಅಂತ ನಾನು ಹೇಳುವುದಿಲ್ಲ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಬೀಗ ಬೇಕು ಅಂತ 2009ರಲ್ಲೇ ಕಡ್ಡಾಯ ಮಾಡಿದ್ದು ಇದೇ ರಿಸರ್ವ್ ಬ್ಯಾಂಕ್. ಒಟಿಪಿ ನಮ್ಮ ಜನರ ಎಷ್ಟು ಹಣ ಉಳಿಸಿದೆ ಅನ್ನುವುದಕ್ಕೆ ಲೆಕ್ಕವಿಲ್ಲ. ಆದರೆ ಅದರ ಇನ್ನೊಂದು ಮುಖವನ್ನು ಗೆಳೆಯನ ಕೋಣೆಯಲ್ಲಿ ಕಣ್ಣಾರೆ ಕಂಡೆ. ಬೇರೊಂದು ಮಾರಾಟ ತಾಣದ ಪಟ್ಟಿಯಲ್ಲಿ ಇಂಡಿಯಾ ಇತ್ತು. ಖುಷಿಯಾಯಿತು. ಒಂದು ವಸ್ತು ಹಾಕಲು ಅವರ ಶುಲ್ಕ 20 ಸೆಂಟ್, ಅಂದರೆ ಎರಡು ಚಹಾದ ಕಾಸು. ಗೆಳೆಯ ಜನಧನ ಖಾತೆಯ ರುಪೇ ಕಾರ್ಡ್ ತೆಗೆದ. ನಂಬರ್ ಹೊಡೆದ. ಆಗಲಿಲ್ಲ. ಆ ತಾಣಕ್ಕೆ ರುಪೇ ಬೇಡ. ಇನ್ನೊಂದು ಬ್ಯಾಂಕಿನ ವೀಸಾ ಕಾರ್ಡ್ ತೆಗೆದ. ಅದೂ ಆಗಲಿಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಿಗೆ ವಿದೇಶಿ ಬಳಕೆ ಮೊದಲಿಂದಲೇ ಬಂದ್ ಇರುತ್ತದೆ, ನಾವೇ ತೆರೆದುಕೊಳ್ಳಬೇಕು. ತೆರೆಯಲು ಬ್ಯಾಂಕಿನ ಆ್ಯಪ್ ಬೇಕು. ಆ್ಯಪ್ ತೆರೆಯಲು ಬೆರಳು ಒತ್ತಬೇಕು. ಕಾನಸ್ಸು ಉಜ್ಜಿ ಉಜ್ಜಿ ಅವನ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿವೆ. ಮೂರು ಸಲ ಒತ್ತಿದ, ಅಂಗಿಗೆ ಒರೆಸಿ ಮತ್ತೆ ಒತ್ತಿದ. "ನನ್ ಬಟ್ಟು ನಂಗೇ ಗುರ್ತಾ ಹಿಡೀವಲ್ದು" ಅಂತ ನಕ್ಕ. ಕೊನೆಗೆ ಪಿನ್ ಹೊಡೆದು ಒಳಗೆ ಹೋದೆವು. ಎರಡು ಚಹಾದ ಕಾಸು ಕಟ್ಟಲು ಮುಕ್ಕಾಲು ಗಂಟೆ.

ನನ್ನ ಏಟಿನ ಕಥೆ ಇನ್ನೂ ಮಜಾ ಇದೆ. ಕೆಲ ವರ್ಷದ ಹಿಂದೆ ಒಂದು ವಿದೇಶಿ ಪಾವತಿ ಕಂಪನಿ ನನ್ನ ಖಾತೆಯನ್ನು ತಡೆಹಿಡಿಯಿತು. ಹೆಸರು ಬೇಡ. ಒಳಗಿದ್ದದ್ದು 64 ಡಾಲರ್. ಕಾರಣ: ನನ್ನ ಒಂದು ದಾಖಲೆಯಲ್ಲಿ ಊರು ಗುಲ್ಬರ್ಗಾ, ಇನ್ನೊಂದರಲ್ಲಿ ಕಲಬುರಗಿ. ಇವೆರಡೂ ಬೇರೆ ಊರು, ನಿಮ್ಮ ನಿಜವಾದ ವಿಳಾಸ ಯಾವುದು ಅಂತ ಯಂತ್ರದ ಪತ್ರ ಬಂತು. 2014ರ ನವೆಂಬರ್ 1ರಂದು ಸರ್ಕಾರವೇ ಹೆಸರು ಬದಲಿಸಿದೆ ಅಂತ ಬರೆದೆ. ಮತ್ತೆ ಅದೇ ಪತ್ರ. ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಹೆಸರು ಆವತ್ತು ಬದಲಾಗಿದೆ ಅನ್ನುವ ಸುದ್ದಿಯನ್ನು ಜೋಡಿಸಿ ಕಳಿಸಿದೆ. ಮತ್ತೆ ಅದೇ ಪತ್ರ. ಕೊನೆಗೆ ಕರೆಂಟ್ ಬಿಲ್ ಒಂದರಲ್ಲಿ ಸರಿಯಾದ ಹೆಸರು ಸಿಕ್ಕಿ ಮೂರು ವಾರದ ಮೇಲೆ ಖಾತೆ ಬಿಟ್ಟರು. ಯಾದಗಿರಿಯ ಪರಿಚಯದ ಹುಡುಗನೊಬ್ಬನದು ಇದಕ್ಕಿಂತ ಒಂದು ಕೈ ಮೇಲು. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತಲ್ಲ, ಅವನ ಹಳೆಯ ಕಾಗದಗಳಲ್ಲಿ ಜಿಲ್ಲೆ ಗುಲ್ಬರ್ಗಾ, ನಡುವಿನವುಗಳಲ್ಲಿ ಯಾದಗಿರ್, ಹೊಸದರಲ್ಲಿ ಯಾದಗಿರಿ. ಇಂಗ್ಲಿಷಿನಲ್ಲಿ ಮೂರಕ್ಕೂ ಮೂರು ಸ್ಪೆಲಿಂಗ್. ನಮ್ಮಂಥ ಊರುಗಳಿಗೆ ಬೀಳುವ ಏಟು ಇದೇ. ದೇಶದ ಹೆಸರಿನಲ್ಲಿ ತಡೆದರೆ ಎಲ್ಲರಿಗೂ ಕಾಣುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ಪಟ್ಟಿಯಲ್ಲಿ ಇಂಡಿಯಾ ಇದ್ದೂ ದಾಖಲೆ ಕೂಡದೆ ಹೊರಗುಳಿದವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬೆಂಗಳೂರಿನ ಕಂಪನಿಗೆ ಇದನ್ನೆಲ್ಲಾ ನೋಡಿಕೊಳ್ಳಲು ಒಬ್ಬ ಸಿಎ ಇರುತ್ತಾರೆ.

ಭಾಷೆಯದೂ ಹೀಗೆ ಒಂದು ಪಟ್ಟಿ ಇರುತ್ತದೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕ ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಐದೇ ಇದ್ದವು. ಕನ್ನಡ ಇರಲಿಲ್ಲ, ತೆಲುಗು, ಬಂಗಾಳಿಯೂ ಇರಲಿಲ್ಲ. ಅಲ್ಲೂ ದ್ವೇಷವೇನಿಲ್ಲ. ಮತ್ತದೇ ಗಂಜ್ ಲೆಕ್ಕ.

ದೂರುವಾಗ ಇನ್ನೊಂದನ್ನು ಮರೆಯಬಾರದು. ನಾವೂ ಬೇರೆಯವರ ಹೆಸರು ತೆಗೆದಿದ್ದೇವೆ. 2020ರ ನವೆಂಬರ್‌ನಲ್ಲಿ ಚೀನಾದ ಮಾರಾಟ ತಾಣ ಅಲಿಎಕ್ಸ್‌ಪ್ರೆಸ್ ಸೇರಿ 43 ಆ್ಯಪ್‌ಗಳನ್ನು ಭಾರತ ನಿಲ್ಲಿಸಿತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗರು ಅಲ್ಲಿಂದ ಬಿಡಿಭಾಗ ತರಿಸುತ್ತಿದ್ದರು. ಅವರಿಗೂ ಒಂದು ದಿನ ಬೆಳಗ್ಗೆ ಎದ್ದಾಗ ಪರದೆ ಖಾಲಿ. 2021ರ ಜುಲೈನಿಂದ ಸುಮಾರು ಒಂದು ವರ್ಷ ಮಾಸ್ಟರ್‌ಕಾರ್ಡ್ ನಮ್ಮಲ್ಲಿ ಹೊಸ ಗ್ರಾಹಕರಿಗೆ ಕಾರ್ಡ್ ಕೊಡುವ ಹಾಗಿರಲಿಲ್ಲ. ಪಾವತಿಯ ಮಾಹಿತಿ ದೇಶದೊಳಗೇ ಇರಬೇಕು ಅನ್ನುವ ನಿಯಮ ಅದು ಪಾಲಿಸಿರಲಿಲ್ಲ. ಸರಿಯೋ ತಪ್ಪೋ, ಅದು ಬೇರೆ ಚರ್ಚೆ.

ದಾರಿ ಇಕ್ಕಟ್ಟಾದಾಗ ಜನ ಅಡ್ಡದಾರಿ ಹುಡುಕುತ್ತಾರೆ. ಬೀದರ್, ಕಲಬುರಗಿ ಕಡೆ ಅದರ ಹೆಸರು ದುಬೈ ಭಾಯಿ. ಮನೆಮನೆಗೆ ಒಬ್ಬರು ಗಲ್ಫ್‌ನಲ್ಲಿದ್ದಾರೆ. ಅವರ ಹೆಸರಲ್ಲಿ ಅಲ್ಲಿ ಖಾತೆ ತೆರೆದು, ಅಂಗಡಿಯನ್ನು ಇಲ್ಲಿ ಕೂತು ನಡೆಸುವುದು. ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ತಾಣದ ಯಂತ್ರ ನೋಡುತ್ತದೆ: ಖಾತೆ ದುಬೈನದು, ಲಾಗಿನ್ ಬೀದರಿನಿಂದ, ಪಾರ್ಸೆಲ್ ಹೊರಡುವುದು ಹೈದರಾಬಾದಿನಿಂದ. ಕಳ್ಳನೂ ಹೀಗೇ ಮಾಡುತ್ತಾನೆ, ಅಲ್ವಾ? ಖಾತೆ ಬಂದ್. ಒಳಗಿದ್ದ ಹಣ ತಿಂಗಳುಗಟ್ಟಲೆ ಅಲ್ಲೇ. ದೂರು ಕೊಡಲು ಹೋದರೆ ಖಾತೆ ನಿನ್ನದಲ್ಲವಲ್ಲ ಅನ್ನುತ್ತಾರೆ. ಇಲ್ಲಿಂದ ಸರಕು ಕಳಿಸಿ ಹಣ ಅಲ್ಲೇ ಉಳಿದರೆ ಫೆಮಾ ಪ್ರಶ್ನೆ ಬೇರೆ. ಇರುವ ಜಾಗ ಮರೆಮಾಚುವ ವಿಪಿಎನ್ ಹಾಕಿಕೊಂಡರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ನೋಡುವುದಕ್ಕೆ ಆಗುತ್ತದೆ. ಹಣ ತೆಗೆಯುವ ದಿನ ಗುರುತಿನ ಚೀಟಿ ಕೇಳುತ್ತಾರೆ, ಆವತ್ತು ಸಿಕ್ಕಿಬೀಳುತ್ತೀರಿ.

ಇನ್ನೊಂದು ಹಳೆಯ ದಾರಿ ದೊಡ್ಡ ಊರಿನ ರಫ್ತುದಾರ. ಅವನ ಹತ್ತಿರ ಎಲ್ಲಾ ಕಾಗದ ಇದೆ. ಕುಶಲಕರ್ಮಿಯಿಂದ ಕೊಂಡು ತನ್ನ ಹೆಸರಲ್ಲಿ ಮಾರುತ್ತಾನೆ. ಇದರಲ್ಲಿ ಮೋಸವೇನಿಲ್ಲ, ಆದರೆ ಕೆತ್ತಿದವನಿಗೆ ಗಿರಾಕಿಯ ಮುಖವೂ ಗೊತ್ತಾಗುವುದಿಲ್ಲ, ಬೆಲೆಯೂ ಗೊತ್ತಾಗುವುದಿಲ್ಲ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿನಲ್ಲಿ ನವಸಾಗರ ಸೇರಿಸಿ ಕಾಯಿಸಿ ಆ ಕಪ್ಪು ಬರಿಸುವವನು ಒಬ್ಬ. ಡಾಲರ್ ಬೆಲೆ ಬರೆಯುವವನು ಇನ್ನೊಬ್ಬ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಹೆಸರಿಗೆ ಕೊರತೆ ಇಲ್ಲ. ಆ ಹೆಸರು ನೋಡಿ ಬಂದ ಗಿರಾಕಿ ಹಣ ಎಲ್ಲಿಗೆ ಹಾಕಬೇಕು ಅನ್ನುವುದೇ ಪ್ರಶ್ನೆ.

ನೇರ ದಾರಿ ಇಲ್ಲವೇ ಇಲ್ಲ ಅಂತಲ್ಲ. ಪ್ಯಾನ್, ಅದೇ ಹೆಸರಿನ ಬ್ಯಾಂಕ್ ಖಾತೆ, ವಿದೇಶ ವ್ಯಾಪಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಡಿಜಿಎಫ್‌ಟಿಯ ತಾಣದಲ್ಲಿ 500 ರೂಪಾಯಿ ಕಟ್ಟಿ ಐಇಸಿ ಅನ್ನುವ ಆಮದು-ರಫ್ತು ನಂಬರ್. ಇದಿಷ್ಟು ಇದ್ದರೆ ಸರಕು ಕಳಿಸುವವನಾಗಿ ಅರ್ಧ ದಾರಿ ನಡೆದ ಹಾಗೆ. ಹೆಸರು ಮೂರೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ನಮ್ಮ ಕಡೆ ಅಪ್ಪನ ಹೆಸರು ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇರುತ್ತದೆ. ಮೊದಲು ಅದನ್ನು ಸರಿಮಾಡಿಸಿಕೊಳ್ಳಿ, ಮಿಕ್ಕದ್ದು ಆಮೇಲೆ. ಪಾರ್ಸೆಲ್‌ಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳಿವೆ, ದೇಶದಲ್ಲಿ ಸಾವಿರಕ್ಕೂ ಹೆಚ್ಚು. ಕಸ್ಟಮ್ಸ್ ಕಾಗದವನ್ನು ಅಲ್ಲೇ ಆನ್‌ಲೈನ್‌ನಲ್ಲಿ ತುಂಬಬಹುದು. ಪೇಪಾಲ್ ಶುಲ್ಕ ಹೊರದೇಶದ ಮಾರಾಟಕ್ಕೆ ಶೇ 4.4, ಮೇಲೆ 30 ಸೆಂಟ್. ರೂಪಾಯಿ ಮಾಡುವಾಗ ಮತ್ತೆ ಮೂರ್ನಾಲ್ಕು ಶೇಕಡಾ ಹೋಗುತ್ತದೆ. 180 ಡಾಲರಿನಲ್ಲಿ ಹದಿನೈದು ಡಾಲರ್ ಆಚೀಚೆ. ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಕಳಿಸಿ ಅಂದರೆ ಅಮೆರಿಕದ ಬ್ಯಾಂಕು ಕಳಿಸುವವರಿಂದಲೇ ಮೂವತ್ತು ನಲವತ್ತು ಡಾಲರ್ ಕೀಳುತ್ತದೆ. ಒಂದು ಹೂದಾನಿಗೆ ಯಾವ ಗಿರಾಕಿ ಅಷ್ಟು ಕೊಡುತ್ತಾರೆ?

"ಯುಪಿಐ ಜಗತ್ತೆಲ್ಲಾ ಹೋಗ್ಯಾದಂತಲ್ಲ, ಅದರಾಗೇ ಹಾಕ್ಲಿ" ಅಂದ ಗೆಳೆಯ. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. 2023ರ ಫೆಬ್ರುವರಿಯಲ್ಲಿ ಯುಪಿಐನಂಥದ್ದೇ ಆದ ಸಿಂಗಪುರದ ಪೇನೌ ಜೊತೆ ಜೋಡಣೆ ಆಯಿತು. ಆದರೆ ಅದು ಮನೆಯವರಿಗೆ ಹಣ ಕಳಿಸಲು. 2024ರಲ್ಲಿ ಐಫೆಲ್ ಗೋಪುರ, ಶ್ರೀಲಂಕಾ, ಮಾರಿಷಸ್ ಬಂದವು. ಅಲ್ಲಿ ನಡೆಯುವುದು ಹೆಚ್ಚಾಗಿ ನಮ್ಮ ಪ್ರವಾಸಿ ಹೋಗಿ ಖರ್ಚು ಮಾಡುವುದು. ಅನಿವಾಸಿ ಭಾರತೀಯರಿಗೆ ಅಮೆರಿಕದ ಮೊಬೈಲ್ ನಂಬರಿನಿಂದಲೇ ತಮ್ಮ ಇಲ್ಲಿಯ ಖಾತೆಯ ಯುಪಿಐ ನಡೆಸುವ ಅವಕಾಶವೂ ಇದೆ. ಆದರೆ ಇಲ್ಲಿ ಖಾತೆಯೇ ಇಲ್ಲದ ಅಮೆರಿಕದವನು ತನ್ನ ಡಾಲರನ್ನು ಚೌಬಾರಾ ಓಣಿಯ ಕ್ಯೂಆರ್ ಕೋಡಿಗೆ ಹಾಕುವ ದಾರಿ ಅದಲ್ಲ. ನಮ್ಮ ಹಣ ಹೊರಗೆ ಹೋಗಲು ಮಾಡಿದಷ್ಟು ರಸ್ತೆ, ಹೊರಗಿನದು ಸಣ್ಣವನ ಕೈಗೆ ಬರಲು ಮಾಡಿಲ್ಲ. ಇದು ಮಾತ್ರ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಇಷ್ಟೆಲ್ಲಾ ಆಗಿ, ಹಣದ್ದು ಒಂದು ದಾರಿ ಮಾಡಿದೆವು ಅನ್ನುವ ಹೊತ್ತಿಗೆ ಪಾರ್ಸೆಲ್ ನಿಂತಿತು. 800 ಡಾಲರ್ ಒಳಗಿನ ಸಾಮಾನಿಗೆ ಸುಂಕವಿಲ್ಲ ಅನ್ನುವ ರಿಯಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತ್ತು. ಅದೇ ವಾರ ಭಾರತದ ಹೆಚ್ಚಿನ ಸರಕಿಗೆ ಸುಂಕ ಶೇ 50ಕ್ಕೆ ಏರಿತ್ತು. ಆ ಸುಂಕವನ್ನು ಯಾರು ಹಿಡಿಯಬೇಕು, ಹೇಗೆ ಕಟ್ಟಬೇಕು ಅನ್ನುವುದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನು ಆಗಸ್ಟ್ 25ರಿಂದಲೇ ನಿಲ್ಲಿಸುತ್ತಾ ಬಂದಿತ್ತು. ಮತ್ತೆ ಶುರುವಾದದ್ದು ಅಕ್ಟೋಬರ್ 15ರಂದು, ಸುಂಕವನ್ನು ಇಲ್ಲೇ ಮೊದಲೇ ಕಟ್ಟುವ ಏರ್ಪಾಡಿನೊಂದಿಗೆ. ನಮ್ಮ ಹೂದಾನಿ ತಯಾರಾದದ್ದು ಆ ನಡುವಿನ ಏಳು ವಾರಗಳಲ್ಲಿ. ಖಾಸಗಿ ಕೊರಿಯರ್ ಕೇಳಿದರೆ ಸಾಗಣೆ ಮತ್ತು ಸುಂಕ ಸೇರಿ ಹೂದಾನಿಯ ಬೆಲೆಯ ಹತ್ತಿರಕ್ಕೇ ಬಂತು.

ಡಲ್ಲಾಸ್‌ನವರ ಅಣ್ಣ ಬೆಂಗಳೂರಿನ ರಾಜಾಜಿನಗರದಲ್ಲಿದ್ದಾರೆ. ಡಿಸೆಂಬರ್‌ನಲ್ಲಿ ತಂಗಿಯ ಮನೆಗೆ ಹೊರಟಿದ್ದರು. ಒಂದು ಸಂಜೆ ಅವರೇ ಗೆಳೆಯನ ನಂಬರಿಗೆ ಯುಪಿಐ ಮಾಡಿದರು. ಹಣ ಬಂದದ್ದನ್ನು ಗೋಡೆಯ ಮೇಲಿನ ಪೆಟ್ಟಿಗೆ ಗಟ್ಟಿಯಾಗಿ ಕೂಗಿ ಹೇಳಿತು. ಮಾತು ಮುಗಿಸುವುದರೊಳಗೆ ಮುಗಿದುಹೋಯಿತು. ಹೂದಾನಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಯಿತು, ಅಲ್ಲಿಂದ ಸೂಟ್‌ಕೇಸಿನಲ್ಲಿ ಸ್ವೆಟರ್ ಸುತ್ತಿಕೊಂಡು ಡಲ್ಲಾಸ್‌ಗೆ. ಗೆಳೆಯ ಲೆಕ್ಕದ ವಹಿ ತೆಗೆದ. ಊರು ಅನ್ನುವ ಕಡೆ ಏನು ಬರೆಯಲಿ ಅಂತ ನನ್ನ ಮುಖ ನೋಡಿದ. ಆಮೇಲೆ ಬೆಂಗಳೂರು ಅಂತ ಬರೆದ.